ಚಹಾ ಆಯಿತೇ?

ಕುಲುಮೆಯ ಪ್ರೋಗ್ರಾಮನ್ನು ನನ್ನ ಹಳೆಯ ಸಹೋದ್ಯೋಗಿ ಎರ್ನಾ ಬರೆದದ್ದಲ್ಲ, ಬಿಡಿಸಿದ್ದು. ಪರದೆಯ ತುಂಬ ಪೆಟ್ಟಿಗೆಗಳು, ಅವುಗಳ ನಡುವೆ ಬಣ್ಣದ ತಂತಿಗಳು. ಬಿಷ್ಕೆಕ್‌ನ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಹರಳುಗಳನ್ನು ಕಾಯಿಸಿ ಅಳೆದದ್ದು ಆ ಚಿತ್ರವೇ. ಈಗ ಅದರ ಲೈಸೆನ್ಸ್ ಮುಗಿಯಲು ಒಂದು ವಾರ ಉಳಿದಿತ್ತು. ನನ್ನನ್ನು ಅಗಾಯ್, ಅಂದರೆ ಮೇಷ್ಟ್ರೇ, ಎಂದು ಕರೆಯುವ ಹೊಸ ಮುಖ್ಯಸ್ಥೆ ನುರ್ಜಾತ್ ಎಲ್ಲವನ್ನೂ ಪೈಥಾನ್‌ಗೆ, ಅಂದರೆ ಸಾಲು ಸಾಲು ಅಕ್ಷರಗಳಿಗೆ, ಇಳಿಸಲು ಕುಳಿತಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಕರಾರು ತೆಗೆಯುತ್ತಿದ್ದೆ.

"ಇದು ನೋಡಿದ್ರೆ ಸಾಕು, ತಿಳಿಯುತ್ತೆ. ನಿನ್ನದನ್ನ ಓದ್ಬೇಕು."

"ಓದಕ್ಕೆ ಸೋಮಾರಿತನಾನಾ ಅಗಾಯ್? ನನ್ನದು ಪುಕ್ಕಟೆ, ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು. ಇಂಟರ್ನೆಟ್ಟಿಗೇ ಹಾಕ್ತೀನಿ, ಜರ್ಮನಿಯಲ್ಲಿ ಕೂತೋರೂ ಓದ್ಲಿ."

ಜರ್ಮನಿ ಎಂದ ಕೂಡಲೇ ನಾನು ಪರದೆಯತ್ತ ತಿರುಗಿದೆ. ಇಲ್ಲಿ ನೆಲೆಸಿದ್ದ ಜರ್ಮನ್ ಮೂಲದವರೆಲ್ಲ ಹೋದ ಮೇಲೆ, ಕೊನೆಗೆ ಅವರಲ್ಲೊಬ್ಬಳಾದ ಎರ್ನಾ ತಾಯಿಯನ್ನು ಕರೆದುಕೊಂಡು ಹೋದದ್ದೂ ಅಲ್ಲಿಗೇ. ನುರ್ಜಾತ್‌ಗೆ ಅದು ಗೊತ್ತಿರಲಿಲ್ಲ.

"ಇದೇನಿದು ಗುಂಡಿ?" ಎಂದಳು ಅವಳು.

ಕಾಯಿಸುವ ಪೆಟ್ಟಿಗೆಗೂ ಅಳೆಯುವ ಪೆಟ್ಟಿಗೆಗೂ ನಡುವೆ ಎರ್ನಾ ಒಂದು ಗುಂಡಿ ಇಟ್ಟಿದ್ದಳು. ಅದರ ಮೇಲೆ 'ಚಹಾ ಆಯಿತೇ?' ಎಂದಿತ್ತು. ಒತ್ತುವ ತನಕ ಪ್ರೋಗ್ರಾಂ ಮುಂದೆ ಹೋಗದು.

"ಹರಳು ಹನ್ನೊಂದು ನಿಮಿಷ ತಣೀಬೇಕು. ಅಷ್ಟರಲ್ಲಿ ನಾವಿಬ್ರೂ ಚಹಾ ಕುಡೀತಿದ್ವಿ."

"ಗಡಿಯಾರ ಬಿಟ್ಟು ಚಹಾ ನಂಬಿದ್ರಾ? ಚೆನ್ನಾಗಿದೆ ನಿಮ್ಮ ವಿಜ್ಞಾನ. ತಡೀರಿ, ಗುಂಡಿ ಒತ್ತಿದ ಹೊತ್ತು ದಾಖಲೆಯಲ್ಲಿರುತ್ತೆ."

ದಾಖಲೆ ತೆರೆದಳು. ಮೊದಲ ಚಳಿಗಾಲ ಹನ್ನೊಂದು, ಹನ್ನೆರಡು ನಿಮಿಷ. ಮರುವರ್ಷ ಹತ್ತೊಂಬತ್ತು. ಆಮೇಲೆ ಇಪ್ಪತ್ತಾರು, ಮೂವತ್ತನಾಲ್ಕು. ಗುಂಡಿ ಒತ್ತುತ್ತಿದ್ದವಳು ಯಾವಾಗಲೂ ಎರ್ನಾ. ಚಹಾ ಹುಯ್ಯುತ್ತಿದ್ದವಳೂ ಅವಳೇ. ಇನ್ನು ಹೊರಡು ಎನ್ನಬೇಕಾದರೆ ನಮ್ಮಲ್ಲಿ ಬಟ್ಟಲು ತುಂಬಿಸಿ ಕೊಡುತ್ತಾರೆ, ಕೂತಿರಲಿ ಎಂದರೆ ಅರ್ಧ. ಎರ್ನಾ ಎಂದೂ ಅರ್ಧಕ್ಕಿಂತ ಹೆಚ್ಚು ಹುಯ್ಯಲಿಲ್ಲ. ಜಿಪುಣಿ ಎಂದು ನಾನು ಅವಳನ್ನು ಛೇಡಿಸುತ್ತಿದ್ದೆ.

"ಇದ್ಯಾವ ಸೀಮೆ ಅಳತೆ ಅಗಾಯ್? ನೂರಾ ಹನ್ನೆರಡು ನಿಮಿಷ. ಪಕ್ಕದಲ್ಲಿ ನೀವೇ 'ಕೆಟ್ಟ ಅಳತೆ' ಅಂತ ಬರ್ದಿದೀರಿ."

ಅದು ಎರ್ನಾ ಹೊರಡುವ ಹಿಂದಿನ ದಿನ. ಅಷ್ಟು ಹೊತ್ತೂ ನಾನು ಹೊಸ ಉಷ್ಣಮಾಪಕದ ಬಗ್ಗೆ ಕೊರೆದಿದ್ದೆ. ಅವಳು ಬೇರೆ ಒಂದು ಮಾತಿಗಾಗಿ ಕಾದಿದ್ದಳು. ನನ್ನ ಮೊದ್ದು ತಲೆಗೆ ಅದು ಹೊಳೆಯಲು ಹದಿನಾರು ವರ್ಷ ಬೇಕಾಯಿತು. ಅದರ ಕೆಳಗಿನ ಸಾಲುಗಳೆಲ್ಲ ನಾನೊಬ್ಬನೇ ಒತ್ತಿದವು. ಹನ್ನೊಂದು, ಹನ್ನೊಂದು, ಹನ್ನೊಂದು. ನನಗೆ ಅಳು ಬಂತು, ಕೆಮ್ಮಿದೆ.

"ಕೊನೆಗೆ ಎಷ್ಟು ಹಾಕ್ಲಿ?" ಎಂದಳು ನುರ್ಜಾತ್.

"ಹನ್ನೊಂದು ನಿಮಿಷ. ಕುಲುಮೆಗೆ ಬೇಕಾಗಿದ್ದು ಅಷ್ಟೇ."

ಅವಳು ೬೬೦ ಸೆಕೆಂಡ್ ಹಾಕಿ, ಅದರ ಮೇಲೊಂದು ಖಾಲಿ ಸಾಲು ಬಿಟ್ಟು, ಕೀಬೋರ್ಡನ್ನು ನನ್ನತ್ತ ತಳ್ಳಿದಳು.

"ಈ ಸಾಲನ್ನ ಯಂತ್ರ ಓದಲ್ಲ, ಮನುಷ್ಯರು ಓದ್ತಾರೆ. ಇಲ್ಲಿ ಯಾಕೆ ಕಾಯ್ತೀವಿ ಅಂತ ನೀವೇ ಬರೀರಿ."

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದೆ: 'ಎರ್ನಾ, ಹೋಗಬೇಡ ಅನ್ನಬೇಕಿತ್ತು.'

ನುರ್ಜಾತ್ ಎರಡು ಸಲ ಓದಿದಳು. ಅವಳ ದನಿ ತಗ್ಗಿತು. "ಹೀಗೇ ಬಿಡ್ಲಾ ಅಗಾಯ್? ಎಲ್ರಿಗೂ ಕಾಣುತ್ತೆ."

"ಜರ್ಮನಿಯಲ್ಲಿ ಕೂತೋರಿಗೂ ಕಾಣುತ್ತೆ ಅಂದ್ಯಲ್ಲ," ಎಂದೆ. "ಬಿಡು, ಇರಲಿ."