ರುಚಿ ನೋಡುವ ಸ್ಟೂಲು

"ಇದೇನು ಚಹಾನಾ, ಸಮುದ್ರಾನಾ?" ಎಂದು ಅಣ್ಣ ಲೋಟ ಕೆಳಗಿಟ್ಟ.

ನಾನೂ ಒಂದು ಗುಟುಕು ಕುಡಿದು ಮುಖ ಕಿವುಚಿದೆ. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಎರಡೂ ಡಬ್ಬಿ ಒಂದೇ ಥರ, ಯಾರಿಗಾದರೂ ತಪ್ಪುತ್ತದೆ. ಆದರೆ ಅತ್ತಿಗೆಯ ಲೋಟ ಆಗಲೇ ಅರ್ಧ ಖಾಲಿಯಾಗಿತ್ತು.

"ಯಾಕೆ, ಏನಾಯ್ತು?" ಎಂದಳು ಅವಳು. ಇನ್ನೊಂದು ಗುಟುಕು ಕುಡಿದಳು.

ಅಣ್ಣ ನಕ್ಕ. "ತನ್ನ ಕೈಯಡುಗೆ ತಿಂದೂ ತಿಂದೂ ಇವಳ ಹೊಟ್ಟೆ ಗಟ್ಟಿಯಾಗ್ಬಿಟ್ಟಿದೆ ಬಿಡು" ಎನ್ನುತ್ತ ಬಸ್ಸಿಗೆ ಓಡಿದ. ನನಗೆ ನಗು ಬರಲಿಲ್ಲ. ಅತ್ತಿಗೆಗೆ ಸಂಬಳ ಕೊಡುವುದೇ ರುಚಿ ನೋಡುವುದಕ್ಕೆ.

"ಎಷ್ಟು ದಿನದಿಂದ ಹೀಗೆ, ಅತ್ಗೆ?"

"ಎರಡು ವರ್ಷ ಇರ್ಬೇಕು." ಲೋಟ ತೊಳೆಯುತ್ತಲೇ ಹೇಳಿದಳು. "ಮೊದ್ಲು ಸಿಹಿ ಹೋಯ್ತು. ಉಳಿದಿದ್ದೂ ಅದರ ಹಿಂದೇನೇ ಹೋಯ್ತು, ಕುರಿಮಂದೆ ಥರ. ಯಾರ ಮುಂದೂ ಬಾಯಿ ಬಿಡ್ಬೇಡ ಕಣೇ. ಸ್ಟೂಲು ಹೋಗುತ್ತೆ."

ಸ್ಟೂಲು ಎಂದರೆ ಸಣ್ಣ ಮಾತಲ್ಲ. ನಮ್ಮ ಕಾರ್ಖಾನೆಯಲ್ಲಿ ಇನ್ನೂರು ಜನ ದುಡಿಯುತ್ತೇವೆ. ಕೂತು ಮಾಡುವ ಕೆಲಸ ಅದೊಂದೇ. ಒಂಬತ್ತು ವರ್ಷ ಒದ್ದೆ ನೆಲದ ಮೇಲೆ ನಿಂತು, ಎರಡೂ ಮಂಡಿ ಹಾಳಾದ ಮೇಲೆ ಅತ್ತಿಗೆಗೆ ಅದು ಸಿಕ್ಕಿತ್ತು.

ನೀವು ಅಂಗಡಿಯಲ್ಲಿ ಕೆಂಪು ಪೊಟ್ಟಣ ಹಿಡಿದು ತಿನ್ನುವ ಫ್ರೆಂಚ್ ಫ್ರೈಸ್ ನಮ್ಮಂಥ ಕಡೆಯಿಂದಲೇ ಬರುತ್ತದೆ. ಆಲೂಗಡ್ಡೆಯ ಸಿಪ್ಪೆಯನ್ನು ಆವಿಯಲ್ಲಿ ಸಿಡಿಸಿ ತೆಗೆಯುತ್ತಾರೆ. ಆಮೇಲೆ ಅದು ನೀರಿನ ರಭಸಕ್ಕೆ ಕೊಳವೆಯೊಳಗೆ ಹಾರಿಬಂದು ಅಲಗುಗಳಿಗೆ ಬಡಿಯುತ್ತದೆ, ಕಡ್ಡಿ ಕಡ್ಡಿಯಾಗಿ ಬೆಲ್ಟಿಗೆ ಬೀಳುತ್ತದೆ. ನಾನು ನಿಲ್ಲುವುದು ಅಲ್ಲಿ. ಕಪ್ಪು ಚುಕ್ಕೆ ಕಂಡರೆ ಕತ್ತರಿಸಿ ಎಸೆಯಬೇಕು. ಮುಂದೆ ಬಿಸಿನೀರು, ಅದರಾಚೆ ಸಕ್ಕರೆ ನೀರು. ಆ ಸಕ್ಕರೆ ಬಾಯಿಗಲ್ಲ, ಕಣ್ಣಿಗೆ. ಅದರಲ್ಲಿ ಮುಳುಗೆದ್ದ ಕಡ್ಡಿ ಎಂಥ ಎಣ್ಣೆಯಲ್ಲಿ ಬೆಂದರೂ ಚಿನ್ನದ ಬಣ್ಣವೇ. ಅರ್ಧ ಕರಿದು, ಹೆಪ್ಪುಗಟ್ಟಿಸಿ, ಚೀಲ ತುಂಬುತ್ತಾರೆ. ಉಳಿದರ್ಧ ಕರಿಯುವುದು ಅಂಗಡಿಯವರ ಪಾಲು.

ಬಾಣಲೆಗೂ ಫ್ರೀಜರಿಗೂ ನಡುವೆ ಅತ್ತಿಗೆಯ ಸ್ಟೂಲು. ಅರ್ಧ ಗಂಟೆಗೊಮ್ಮೆ ಪೂರ್ತಿ ಕರಿದ ಒಂದು ತಟ್ಟೆ ಬರುತ್ತದೆ. ಹೊಗೆಯಾಡುವಾಗಲೇ ಬಾಯಿಗಿಡಬೇಕು, ಆರಿದರೆ ದೋಷ ತಿಳಿಯುವುದಿಲ್ಲವಂತೆ. ಸರಿಯಿದ್ದರೆ ಹಾಳೆಯ ಮೇಲೆ ಸಹಿ. ಸಹಿ ಬೀಳದೆ ಫ್ರೀಜರಿನ ಬಾಗಿಲು ತೆರೆಯುವ ಹಾಗಿಲ್ಲ. ದಿನಕ್ಕೆ ಹದಿನಾರು ತಟ್ಟೆ. ಯಾವ ನಾಲಿಗೆ ತಡೆದೀತು?

ಮೊದಲು ಮೂರು ಸ್ಟೂಲಿದ್ದವು. ಒಬ್ಬಳು "ಎಣ್ಣೆ ಮೀನಿನ ವಾಸನೆ ಹೊಡೀತಿದೆ" ಎಂದಳು. ಮರುದಿನವೇ ಅವಳನ್ನು ಫ್ರೀಜರಿನಲ್ಲಿ ಚೀಲ ಹೊರಲು ಹಾಕಿದರು. ಇನ್ನೊಬ್ಬಳು "ಸೋಪು ನೆಕ್ಕಿದ ಹಾಗಿದೆ" ಎಂದಳು. ಅವಳೂ ಅಲ್ಲಿಗೇ ಹೋದಳು. ಅತ್ತಿಗೆ ಮಾತ್ರ "ಸರಿ ಇದೆ" ಎನ್ನುತ್ತಿದ್ದಳು. ಬಣ್ಣ ನೋಡಿ ಹೇಳುತ್ತಿದ್ದಳು, ಪಾಪ.

ಆ ಉಪ್ಪು ಚಹಾದ ಹೊತ್ತಿಗೆ ಎಣ್ಣೆ ಬದಲಿಸುವ ದಿನ ದಾಟಿ ವಾರವಾಗಿತ್ತು. ಬಾಣಲೆ ನೋಡಿಕೊಳ್ಳುವವನನ್ನು ನಾವು ಎಣ್ಣೆಯಣ್ಣ ಎನ್ನುತ್ತೇವೆ. ಅವನು ಕಾರ್ಖಾನೆ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋಗಿ, "ನೊರೆ ಉಕ್ಕುಕ್ಕಿ ಬರ್ತಿದೆ ಸಾರ್. ಎಣ್ಣೆ ಅಲ್ಲ ಅದು, ಡಾಂಬರು" ಎಂದ.

"ನೊರೆ ಔಷಧಿ ಇನ್ನೊಂದು ಮುಚ್ಚಳ ಹಾಕು" ಎಂದರು ಸಾಹೇಬರು.

ಹಾಕಿದ. ನೊರೆ ಅಡಗಿತು. ತಟ್ಟೆ ಬಂತು. ಅತ್ತಿಗೆ ತಿಂದಳು, ಸಹಿ ಹಾಕಿದಳು.

ಹತ್ತು ದಿನದ ಮೇಲೆ ಅವಳಿಗೆ ಆಫೀಸಿನಿಂದ ಕರೆ ಬಂತು. ಅವಳಿಗೆ ಹೆಸರು ಬರೆಯುವಷ್ಟೇ ಅಕ್ಷರ ಬರುವುದು. ಓದಿ ಹೇಳಲು ನಾನೂ ಹೋದೆ.

"ಇದು ನಿನ್ನ ಸಹಿ ತಾನೆ?" ಎಂದರು ಸಾಹೇಬರು.

"ಹೌದು ಸಾರ್."

"ಕೆಟ್ಟ ಮಾಲು ಪಾಸ್ ಮಾಡಿದೀಯ. ಒಂದು ಶಾಲೇಲಿ ಮೂವತ್ತೊಂದು ಮಕ್ಕಳು ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದಾರೆ."

"ಈಗ ಹೇಗಿದಾರೆ ಸಾರ್, ಮಕ್ಕಳು?"

"ಅದನ್ನ ಕಟ್ಕೊಂಡು ನಿಂಗೇನು? ಇದಕ್ಕೊಂದು ಸಹಿ ಹಾಕು."

ನಾನು ಓದಿದೆ. "ನನ್ನ ನಾಲಿಗೆಗೆ ರುಚಿ ತಿಳಿಯದಿರುವುದನ್ನು ಕಂಪನಿಯಿಂದ ಮುಚ್ಚಿಟ್ಟು ಕೆಲಸ ಮಾಡಿದ್ದೇನೆ. ಆದ ಅನಾಹುತಕ್ಕೆ ನಾನೊಬ್ಬಳೇ ಹೊಣೆ."

ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನು ಹೇಳಿದ್ಯೇನೆ?"

"ಇಲ್ಲ ಅತ್ಗೆ, ದೇವರಾಣೆ."

"ಮತ್ತೆ ನಿಮ್ಗೆ ಹ್ಯಾಗೆ ಗೊತ್ತಾಯ್ತು ಸಾರ್?"

ಸಾಹೇಬರು ಫೈಲಿನ ಹಾಳೆ ಜೋಡಿಸತೊಡಗಿದರು. ಅದರೊಳಗೆ ನರ್ಸಮ್ಮನ ಫಾರಂ ಕಂಡಿತು. ವರ್ಷಕ್ಕೊಮ್ಮೆ ಅವರು ಬಂದು ಅತ್ತಿಗೆಯ ನಾಲಿಗೆಗೆ ನಾಲ್ಕು ಹನಿ ಬಿಟ್ಟು ಪರೀಕ್ಷೆ ಮಾಡುತ್ತಿದ್ದರು. ನಾನು ಕತ್ತು ಓರೆ ಮಾಡಿ, ಗಟ್ಟಿಯಾಗಿ ಓದಿದೆ.

"ಸಿಹಿ ಇಲ್ಲ. ಉಪ್ಪು ಇಲ್ಲ. ಹುಳಿ ಇಲ್ಲ. ಕಹಿ ಇಲ್ಲ. ತಾರೀಖು ಎರಡು ವರ್ಷದ ಹಿಂದಿಂದು, ಅತ್ಗೆ. ಕೆಳಗೆ ಹಸಿರು ಶಾಯೀಲಿ ಬರೆದಿದೆ, 'ಇವರನ್ನೇ ಮುಂದುವರಿಸುವುದು.' ಸಹಿ ಇವರದ್ದೇ."

ಸಾಹೇಬರು ಫೈಲು ಮುಚ್ಚಿದರು. "ಅದು ಆಫೀಸಿನ ಕಾಗದ. ನಿಮಗೆ ಸಂಬಂಧ ಇಲ್ಲ."

"ಹನಿ ಬಿಟ್ಟಾಗ ನಾನು ಅಂದಾಜಿನ ಮೇಲೆ ಹೇಳ್ದೆ," ಎಂದಳು ಅತ್ತಿಗೆ. "ನರ್ಸಮ್ಮ ತಲೆ ಆಡಿಸಿದ್ರು. ಎಲ್ಲಾ ಸರಿಯಾಗೇ ಹೇಳಿದೀನಿ ಅನ್ಕೊಂಡಿದ್ದೆ."

"ಈಗ ಸಹಿ ಹಾಕ್ತೀಯೋ, ಪೊಲೀಸರನ್ನ ಮನೆಗೆ ಕಳಿಸ್ಲೋ?"

ಅತ್ತಿಗೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. "ಎರಡು ವರ್ಷ ಏನೂ ತಿಳೀದೆ ಸಹಿ ಹಾಕ್ದೆ ಸಾರ್. ಇದೇನು ಅಂತ ತಿಳೀತಲ್ಲ. ಇದಕ್ಕೆ ಹಾಕಲ್ಲ."

ಕಾವಲಿನವನು ಅವಳನ್ನು ಗೇಟಿನಾಚೆ ಬಿಟ್ಟುಬಂದ. ನಾನು ಬೆಲ್ಟಿಗೆ ಮರಳಿದೆ. ಪಕ್ಕದವಳಿಗೆ ಹೇಳಿದೆ. ಅವಳು ಅವಳ ಪಕ್ಕದವಳಿಗೆ ಹೇಳಿದಳು. ಕೈಗಳು ಚುಕ್ಕೆ ಕತ್ತರಿಸುತ್ತಲೇ ಇದ್ದವು. ಮಾತು ಬೆಲ್ಟಿಗಿಂತ ಮುಂಚೆ ಬಾಣಲೆ ಮುಟ್ಟಿತು.

ಅಷ್ಟರಲ್ಲಿ ಸಾಹೇಬರೇ ಬಂದರು. "ಸ್ಟೂಲು ಖಾಲಿ ಇದೆ. ಆರಾಮಾಗಿ ಕೂತ್ಕೊಂಡು ತಿನ್ನೋ ಕೆಲಸ. ಯಾರು ಬರ್ತೀರಿ?"

ಎಲ್ಲರಿಗೂ ಒಮ್ಮೆಲೇ ಬೆಲ್ಟಿನ ತುಂಬ ಚುಕ್ಕೆಗಳೇ ಕಾಣತೊಡಗಿದವು.

"ಅಜ್ಜೀ, ನೀನು ಬಾ."

ಅಜ್ಜಿ ನಮ್ಮಲ್ಲೆಲ್ಲ ಹಿರಿಯಳು. "ನನ್ನ ನಾಲಿಗೆಗೆ ಬೈಯೋದೊಂದೇ ಬರೋದು ಸಾರ್" ಎಂದಳು. "ತೋರಿಸ್ಲಾ?"

"ನಂಗೂ ರುಚಿ ತಿಳಿಯಲ್ಲ ಸಾರ್" ಎಂದಳು ಅವಳ ಪಕ್ಕದವಳು.

"ನಂಗೂ."

"ನಂಗೂ ಅಷ್ಟೆ ಸಾರ್."

"ನಂದು ಯಾವತ್ತೋ ಸತ್ತೋಯ್ತು" ಎಂದ ಎಣ್ಣೆಯಣ್ಣ ಬಾಣಲೆಯ ಬಳಿಯಿಂದಲೇ. "ಬರ್ಕೊಳ್ಳಿ. ಹಸಿರು ಶಾಯೀಲೇ ಬರ್ಕೊಳ್ಳಿ."

ಸಾಹೇಬರು ನನ್ನ ಮುಂದೆ ನಿಂತರು. "ನೀನು ಓದು ಬರಹ ಬಲ್ಲವಳು. ಬಾ. ಪೊಲೀಸರ ವಿಷಯ ನಾನು ನೋಡ್ಕೊಳ್ತೀನಿ."

ನನ್ನ ಮಂಡಿಯೂ ಹಿಡಿಯತೊಡಗಿ ವರ್ಷವಾಗಿದೆ. ಸುಳ್ಳೇಕೆ, ಸ್ಟೂಲಿನ ಕಡೆ ಒಮ್ಮೆ ನೋಡಿದೆ.

"ಆಗಲ್ಲ ಸಾರ್. ನೀವೇ ಕೂತ್ಕೊಳ್ಳಿ."

"ನಂಗೆ ಕರಿದಿದ್ದು ಆಗಲ್ಲ. ಡಾಕ್ಟರು ಬೇಡ ಅಂದಿದಾರೆ."

ತಟ್ಟೆ ಬಂದು ಮೇಜಿನ ಮೇಲೆ ಕೂತಿತು. ಸಹಿ ಬೀಳಲಿಲ್ಲ. ಫ್ರೀಜರಿನ ಮುಂದೆ ಟ್ರೇಗಳು ಒಂದರ ಹಿಂದೊಂದು ಬಂದು ನಿಂತವು. ಜಾಗ ಸಾಲದೆ ಬೆಲ್ಟು ತಾನಾಗಿ ನಿಂತಿತು. ಬಿಸಿನೀರಿಗೆ ಬೀಳಬೇಕಿದ್ದ ಹಸಿ ಕಡ್ಡಿಗಳು ನಮ್ಮೆದುರೇ ಉಳಿದವು. ನಾವು ಕೈ ಇಳಿಬಿಟ್ಟು ನಿಂತೆವು. ಗಾಳಿ ತಾಕಿದ ಅಂಚುಗಳು ಮೊದಲು ನಸುಗೆಂಪಾದವು. ಆಮೇಲೆ ಕಂದಾದವು. ಆಮೇಲೆ, ಆ ಬೆಲ್ಟಿನ ಉದ್ದಕ್ಕೂ, ಒಂದೊಂದಾಗಿ ಕಪ್ಪಾಗುತ್ತ ಹೋದವು. ಯಾರೂ ಚಾಕು ಮುಟ್ಟಲಿಲ್ಲ.