ಅಳಿಯನ ಪಾಲಿನ ಕಣಕ

ದರ್ಜಿಯ ಬಲಗೈ ಹೆಬ್ಬೆರಳ ಮೇಲೆ ಅಂಗಡಿಯ ಷಟರ್ ಬಿದ್ದ ದಿನದಿಂದ ಆ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತುಹೋಗಿತ್ತು. ಬೆರಳೇನೋ ಉಳಿಯಿತು, ಬಲ ಉಳಿಯಲಿಲ್ಲ. ಸೂಜಿ ಹಿಡಿದರೆ ಜಾರುತ್ತಿತ್ತು. ಬಟ್ಟೆಯ ಅಂಚು ಮಡಿಸಿ ಒತ್ತಿದರೆ ಅದು ತನ್ನ ಪಾಡಿಗೆ ತಾನು ಬಿಚ್ಚಿಕೊಳ್ಳುತ್ತಿತ್ತು. ಹೆಬ್ಬೆರಳು ಕೈಕೊಟ್ಟ ಮೇಲೆ ದರ್ಜಿಗೆ ಉಳಿದದ್ದೆಲ್ಲ ಇದ್ದು ಏನು ಬಂತು ಹೇಳಿ. ಬಾಡಿಗೆ ಅಂಗಡಿ ಬಿಟ್ಟು ಮಿಷನ್ನನ್ನು ಮನೆಯ ಮುಂದಿನ ಕೋಣೆಗೆ ತಂದು, ಮೇಲೊಂದು ಹಳೇ ಹೊದಿಕೆ ಹೊದಿಸಿದ್ದ.

ಸುದ್ದಿ ಕೇಳಿ ಬಂದವರು ಅತ್ತೆ, ಹೆಂಡತಿಯ ತಾಯಿ. ನಾಲ್ಕು ದಿನ ಇದ್ದು ಹೋಗ್ತೀನಿ ಎಂದು ಚೀಲ ಇಟ್ಟವರು ಮತ್ತೆ ಅದನ್ನು ಎತ್ತಲಿಲ್ಲ. ಬೆರಳಿಗೆ ಹಾಕಿದ್ದ ಹೊಲಿಗೆ ಬಿಚ್ಚಿಸಲು ಆಸ್ಪತ್ರೆಗೆ ಹೋದಾಗ ಅವರೂ ಜೊತೆಗೆ ಹೊರಟರು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಎಂದು ಶುರುಮಾಡಿ ಇನ್ನೂ ಏನೇನೋ ಹೇಳುತ್ತಿದ್ದರು. ದರ್ಜಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಮನೆಗೆ ಬಂದು ಒಂದೆರಡು ದಿನ ಚೆಂಡು ಹಿಸುಕಿದ. ಆಮೇಲೆ ಅದನ್ನು ಮಂಚದ ಕೆಳಗೆ ಉರುಳಿಸಿ ಗೋಡೆಗೆ ಮುಖಮಾಡಿ ಮಲಗಿಬಿಟ್ಟ.

ಅತ್ತೆಯ ನಾಲಿಗೆ ಅವನ ಕತ್ತರಿಗಿಂತ ಹರಿತ. ಕೈರುಚಿಯೂ ಅಷ್ಟೇ ಹೆಸರುವಾಸಿ. ಬಾದಾಮಿ, ಗೋಡಂಬಿ, ಕಡಲೆಬೀಜ ಹುರಿದು ತರಿತರಿಯಾಗಿ ಕುಟ್ಟಿ, ಸಕ್ಕರೆ, ಏಲಕ್ಕಿ, ಲವಂಗ, ಚೂರು ಜಾಯಿಕಾಯಿ ಬೆರೆಸಿ ಹೂರಣ ಮಾಡುತ್ತಿದ್ದರು. ಮೈದಾದ ಕಣಕವನ್ನು ದುಂಡಗೆ ಲಟ್ಟಿಸಿ, ನಡುವೆ ಹೂರಣ ಇಟ್ಟು, ಅರ್ಧಕ್ಕೆ ಮಡಿಸಿ, ಅಂಚನ್ನು ಹೆಬ್ಬೆರಳಿನಿಂದ ಒತ್ತೊತ್ತಿ ಮಡಿಕೆ ಹಾಕಿ ಎಣ್ಣೆಗೆ ಬಿಡುವುದು. ಮನೆಯವರು ಇದನ್ನು ಅರ್ಧಚಂದ್ರ ಎನ್ನುತ್ತಿದ್ದರು. ಕತ್ತು ಹಿಡಿದು ಕೊಡುವ ಅರ್ಧಚಂದ್ರವಲ್ಲ, ತಟ್ಟೆಯಲ್ಲಿಟ್ಟು ಕೊಡುವಂಥದ್ದು. ಮೂಲೆಯ ಬೇಕರಿಯವನು ಒಮ್ಮೆ ರುಚಿ ನೋಡಿದ್ದೇ ತಡ, ವಾರವಾರವೂ ಬೇಕೆಂದು ಗಂಟುಬಿದ್ದ.

ಮೊದಲ ಶನಿವಾರ ಅತ್ತೆ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು.

"ಅಳಿಯಂದ್ರೇ, ತಿನ್ನೋಕೆ ಮಾತ್ರ ಬರ್ತೀರಲ್ಲ. ಮಾಡೋಕೂ ಬನ್ನಿ. ಅಂಚು ಒತ್ತೋ ಕೆಲಸ ನಿಮ್ಮದು."

"ನನ್ನ ಕೈ ನಿಮಗೆ ಗೊತ್ತಿಲ್ವಾ ಅತ್ತೆ?"

"ಗೊತ್ತು. ಅದಕ್ಕೇ ಕರೀತಿರೋದು. ಏಳಿ."

ಎದ್ದ. ಅವರೆದುರು ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಆ ದಿನ ಅವನು ಒತ್ತಿದವುಗಳಲ್ಲಿ ಅರ್ಧಕ್ಕರ್ಧ ಬಾಣಲೆಯಲ್ಲಿ ಬಾಯಿಬಿಟ್ಟವು. ಹೂರಣ ಚೆಲ್ಲಿ, ಸಕ್ಕರೆ ಸೀದು, ಎಣ್ಣೆ ಕಪ್ಪಾಯಿತು. ಅತ್ತೆ ಜಾಲರಿಯಲ್ಲಿ ಸೀಕಲು ತೆಗೆಯುತ್ತ, "ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ನೆ ಹೇಳಿಲ್ಲ," ಎಂದರು. ಒಡೆದದ್ದು ಮನೆಗೆ, ಗಟ್ಟಿಯಿದ್ದದ್ದು ಬೇಕರಿಗೆ.

ಅದಾದ ಮೇಲೆ ಪ್ರತಿ ಶನಿವಾರವೂ ಇದೇ ಪಾಡು. ಅವನ ಮನಸ್ಸಿಗೆ ಚುಚ್ಚುತ್ತಿದ್ದ ಇನ್ನೊಂದು ವಿಷಯವಿತ್ತು. ಅತ್ತೆ ಎರಡು ಕಣಕ ಕಲಸುತ್ತಿದ್ದರು. ಮಗಳಿಗೆ ದೊಡ್ಡ ಪಾತ್ರೆಯಲ್ಲಿ, ಅಳಿಯನ ಪಾಲಿಗೆ ಮುಚ್ಚಳದ ಡಬ್ಬಿಯಲ್ಲಿ. ಡಬ್ಬಿಯದ್ದನ್ನು ತಾವೇ ಲಟ್ಟಿಸಿ ಅವನ ಮುಂದಿಡುತ್ತಿದ್ದರು, ಮಗಳನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ನನ್ನ ಕೈ ತಾಗಿದರೆ ಒಳ್ಳೇ ಕಣಕವೂ ಕೆಡುತ್ತೆ ಅಂತ ಇವರ ಎಣಿಕೆ, ಎಂದು ದರ್ಜಿ ಒಳಗೊಳಗೇ ಕುದಿಯುತ್ತಿದ್ದ. ಕುದ್ದರೂ ಒತ್ತುತ್ತಿದ್ದ. ಒತ್ತಿದರೂ ಅರ್ಧಕ್ಕರ್ಧ ಒಡೆಯುತ್ತಿದ್ದವು. ತಿಂಗಳುಗಳು ಉರುಳಿದರೂ ಲೆಕ್ಕ ಅಷ್ಟರಲ್ಲೇ ನಿಂತಿತು.

ಕೊನೆಗೆ ಅವನು ಕೈಚೆಲ್ಲಿದ. ಸಿದ್ಧ ಉಡುಪಿನ ಅಂಗಡಿಯವನೊಬ್ಬ ಮಿಷನ್ ಕೇಳಿದ್ದ. ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗಲಿ ಎಂದು ಹೇಳಿಕಳಿಸಿದ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ ಕೂತಲ್ಲೇ ಏಲಕ್ಕಿ ಬಿಡಿಸುತ್ತಲೇ ಇದ್ದರು.

ಆ ಶನಿವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತೆ ಇರಲಿಲ್ಲ.

"ಅಮ್ಮನಿಗೆ ಸೊಂಟ ಹಿಡ್ಕೊಂಡಿದೆ ಕಣ್ರೀ," ಎಂದಳು ಹೆಂಡತಿ. "ಏಳೋಕೇ ಆಗ್ತಿಲ್ಲ. ಬೇಕರಿಗೆ ಒಪ್ಕೊಂಡಿದ್ದೀವಲ್ಲ, ನಾವಿಬ್ಬರೇ ಮುಗಿಸೋಣ. ನಾನು ಲಟ್ಟಿಸ್ತೀನಿ, ನೀವು ಒತ್ತಿ."

ಹೇಗೂ ಕೊನೆಯ ಸಲ, ಆಗಿದ್ದಾಗಲಿ ಎಂದು ಕೂತ. ಹೂರಣ ಇಟ್ಟ, ಅಂಚಿಗೆ ನೀರು ಸವರಿದ, ಮಡಿಸಿದ, ಹೆಬ್ಬೆರಳು ಊರಿದ. ಬೆರಳು ಕಣಕದೊಳಗೆ ಸಲೀಸಾಗಿ ಇಳಿಯಿತು. ಒಂದರ ಪಕ್ಕ ಒಂದು ಮಡಿಕೆ ತಾನೇ ತಾನಾಗಿ ಬಿತ್ತು. ಹೆಂಡತಿ ಮೊದಲ ಸರದಿಯನ್ನು ಎಣ್ಣೆಗೆ ಬಿಟ್ಟಳು. ಉಬ್ಬಿದವು, ಹೊರಳಿದವು, ಕೆಂಪಗಾದವು. ಒಂದೂ ಬಾಯಿಬಿಡಲಿಲ್ಲ.

ಎಣ್ಣೆ ಕಾದಿಲ್ಲವೇನೋ ಎಂದುಕೊಂಡ. ಎರಡನೆಯ ಸರದಿಯೂ ಹಾಗೇ ಬಂತು. ಮೂರನೆಯದೂ ಅಷ್ಟೇ. ಹೆಂಡತಿ ಜಾಲರಿ ಹಿಡಿದುಕೊಂಡೇ ಅವನ ಮುಖ ನೋಡಿದಳು.

"ಇದು ಯಾವ ಕಣಕ?" ಕೇಳಿದ.

"ಮಾಮೂಲಿದು. ನಾನು ಯಾವಾಗ್ಲೂ ಒತ್ತೋದು. ನಿಮ್ಮದನ್ನ ಅಮ್ಮ ನಸುಕಿನಲ್ಲೇ ಎದ್ದು ಕಲಸಿಟ್ಟಿದ್ದಾರೆ, ಆಮೇಲೇ ಸೊಂಟ ಹಿಡ್ಕೊಂಡಿದ್ದು. ಡಬ್ಬೀಲಿದೆ. ನನ್ನ ಕೈಲಿ ಆಗಲಿಲ್ಲಪ್ಪ. ಲಟ್ಟಣಿಗೆಗೆ ಬಗ್ಗಲ್ಲ ಅದು. ಅಮ್ಮ ಹೇಗೆ ಲಟ್ಟಿಸ್ತಿದ್ದರೋ ಕಾಣೆ."

ದರ್ಜಿ ಡಬ್ಬಿಯ ಮುಚ್ಚಳ ತೆಗೆದು ಹೆಬ್ಬೆರಳು ಒತ್ತಿದ. ಚಪ್ಪಲಿಯ ಅಟ್ಟೆ ಒತ್ತಿದ ಹಾಗಿತ್ತು. ಪಾತ್ರೆಯದ್ದನ್ನು ಒತ್ತಿ ನೋಡಿದ, ಬೆಣ್ಣೆ. ಮತ್ತೆ ಡಬ್ಬಿಯದ್ದು. ಅವನು ಡಬ್ಬಿ ಎತ್ತಿಕೊಂಡು ನೇರ ಅತ್ತೆಯ ಕೋಣೆಗೆ ಹೋದ.

ಅತ್ತೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಒಂದು ಮಗ್ಗುಲಾಗಿ ಮಲಗಿದ್ದರು. ಡಬ್ಬಿ ನೋಡಿದ ಕೂಡಲೇ ಕಣ್ಣು ಬೇರೆ ಕಡೆ ಹೊರಳಿಸಿದರು.

"ಅತ್ತೆ, ಇದೇನು?"

"ಕಣಕ."

"ಮೊದಲ ವಾರಾನೂ ಹೀಗೇ ಇತ್ತಾ?"

"ಮೊದಲ ವಾರ ಮಗು ಕೆನ್ನೆ ಥರ ಇತ್ತು. ಅದನ್ನೂ ಒಡೆದು ಹಾಕಿದ್ರಿ." ಅತ್ತೆ ಬೆನ್ನಿನ ಚೀಲ ಸರಿಸಿಕೊಂಡು ಮುಂದುವರಿಸಿದರು. "ಡಾಕ್ಟರು ಹೇಳಿದ್ರಲ್ಲ, ವಾರ ವಾರಕ್ಕೂ ಒಂಚೂರು ಗಟ್ಟಿ ವಸ್ತು ಹಿಸುಕಬೇಕು, ಒಂದೇ ಚೆಂಡಲ್ಲಿ ನಿಲ್ಲಬಾರದು ಅಂತ. ನೀವು ಕ್ಯಾಲೆಂಡರ್ ನೋಡ್ತಿದ್ರಿ. ನಾನು ಕೇಳಿಸ್ಕೊಂಡೆ. ಪ್ರತಿ ವಾರ ನೀರು ಒಂಚೂರು ಕಮ್ಮಿ ಮಾಡ್ತಾ ಬಂದೆ, ಅಷ್ಟೇ."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಕಣಕಾನೂ ಚೆಂಡಿನ ಹಿಂದೆಯೇ ಮಂಚದ ಕೆಳಗೆ ಹೋಗ್ತಿತ್ತು."

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಬಿಸಿನೀರಿನ ಚೀಲ ಕಾಣುತ್ತಿತ್ತು. ಲಟ್ಟಣಿಗೆಗೆ ಬಗ್ಗದ ಈ ಕಲ್ಲನ್ನು ಈ ವಯಸ್ಸಿನಲ್ಲಿ ಮೈಭಾರವನ್ನೆಲ್ಲ ಹಾಕಿ ವಾರವಾರವೂ ಲಟ್ಟಿಸಿದವರು ಇವರು. ಅವನಿಗೆ ಒಡೆದದ್ದು ಕಾಣುತ್ತಿತ್ತೇ ಹೊರತು ಲಟ್ಟಿಸುವವರ ಸೊಂಟ ಕಂಡಿರಲಿಲ್ಲ. ಬೇರೆ ಡಬ್ಬಿ ಎಂದು ಮುನಿಸಿಕೊಂಡಿದ್ದ ಬೇರೆ. ದರ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತ.

"ಅತ್ತೆ, ನನ್ನ ಕೈ ನನಗೆ ವಾಪಸ್ ಕೊಟ್ಟಿದ್ದು ನೀವು. ಈ ಋಣ ನಾನು ಹೇಗೆ ತೀರಿಸಲಿ?"

"ಕೈ ಕೊಡೋನು ದೇವರು. ನಾನು ಕೊಟ್ಟಿದ್ದು ಮೈದಾ," ಎಂದರು ಅತ್ತೆ. ಆದರೆ ಅವರ ಧ್ವನಿ ಎಂದಿನಂತಿರಲಿಲ್ಲ. "ಕೂತಿದ್ದು ಸಾಕು. ಎಣ್ಣೆ ಕಾಯ್ತಾ ಇದೆ, ಹೋಗಿ."

ಸಂಜೆ ಸಿದ್ಧ ಉಡುಪಿನವನು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ದರ್ಜಿ ಅವನನ್ನು ಒಳಗೆ ಕರೆದು ಕೂರಿಸಿ, ತಟ್ಟೆ ತುಂಬ ತಿಂಡಿ ಕೊಟ್ಟು, ಮಿಷನ್ ಕೊಡೋದಿಲ್ಲ ಸ್ವಾಮಿ, ಬೇಜಾರು ಮಾಡ್ಕೋಬೇಡಿ ಎಂದ. ಅವನು ಗೊಣಗುತ್ತಲೇ ತಟ್ಟೆ ಖಾಲಿ ಮಾಡಿ ಹೋದ.

ಆಮೇಲೆ ದರ್ಜಿ ಹೊದಿಕೆ ತೆಗೆದ. ಮಿಷನ್ನಿಗೆ ಎಣ್ಣೆ ಬಿಟ್ಟ. ದಾರ ಪೋಣಿಸಲು ಹೋದರೆ ಮೊದಲ ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು, ಆಮೇಲೆ ಹೋಯಿತು. ಅತ್ತೆಯ ಹಳೇ ಹೊದಿಕೆಯೊಂದರ ಅಂಚು ಬಿಚ್ಚಿಕೊಂಡಿತ್ತು, ಅದನ್ನೇ ತಂದು ಮಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ತುಳಿಯತೊಡಗಿದ. ಹೊಲಿಗೆ ಒಂಚೂರು ಸೊಟ್ಟಗೆ ಹೋಯಿತು. ಬಟ್ಟೆ ಮಾತ್ರ ಕೈಯಿಂದ ಜಾರಲಿಲ್ಲ.

ಸದ್ದು ಮನೆಯಲ್ಲೆಲ್ಲ ತುಂಬಿತು. ಸಾಕಷ್ಟು ಹೊತ್ತಾದ ಮೇಲೆ, ಒಳಗಿನ ಕೋಣೆಯಲ್ಲಿ ಅತ್ತೆ ಮಗಳನ್ನು ಕರೆದು ಹೇಳಿದ್ದು ಅವನಿಗೆ ಕೇಳಿಸಿತು.

"ಮುಂದಿನ ವಾರ ಅಳಿಯಂದ್ರ ಕಣಕಕ್ಕೆ ಇನ್ನೊಂದು ಚಮಚ ನೀರು ಕಮ್ಮಿ ಹಾಕು. ಲಟ್ಟಿಸೋದು ಅವರೇ ಲಟ್ಟಿಸ್ಕೊಳ್ಳಲಿ."