ಡೇರಿ ಗ್ರೂಪಿನಿಂದ ವೆಂಕಟನನ್ನು ತೆಗೆದದ್ದು

ಮಾಲೂರಿನ ಅಕ್ಕನಿಗೆ ಕಳಿಸಬೇಕಾಗಿದ್ದ ವಾಯ್ಸ್ ಮೆಸೇಜನ್ನು ಸುನಂದ ಡೇರಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿದಾಗ ಬೆಳಿಗ್ಗೆ ಎಂಟೂವರೆ. ಕಳಿಸಿದ ಮೇಲೆ ನೋಡಿಕೊಂಡಳು. ಗಾಬರಿಯಲ್ಲಿ ಅಳಿಸಲು ಹೋದವಳು ಎಲ್ಲರ ಫೋನಿನಿಂದ ಅಳಿಸುವುದನ್ನು ಬಿಟ್ಟು ತನ್ನ ಫೋನಿನಿಂದ ಮಾತ್ರ ಅಳಿಸುವುದನ್ನು ಒತ್ತಿಬಿಟ್ಟಳು. ಈಗ ಆ ಮಾತು ಊರಿನ ಎಂಬತ್ತಾರು ಮನೆಗಳಲ್ಲಿತ್ತು, ಆಡಿದವಳ ಹತ್ತಿರ ಮಾತ್ರ ಇರಲಿಲ್ಲ.

ಕ್ಯಾಲನೂರಿನಾಚೆಯ ಆ ಪುಟ್ಟ ಊರಿನ ಹಾಲಿನ ಡೇರಿಗೆ ಸುನಂದ ಸೆಕ್ರೆಟರಿ. ಹಾಲು ಅಳೆಯುವುದು, ಪ್ರತಿಯೊಬ್ಬರ ಹಾಲಿನಲ್ಲೂ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡುವುದು ಅವಳ ಕೆಲಸ. ಮೆಸೇಜಿನಲ್ಲಿದ್ದದ್ದು ಪಕ್ಕದ ಮನೆಯ ಶಾಮಲಮ್ಮನ ವಿಷಯ. ಶಾಮಲಮ್ಮನ ಎರಡು ಹಸುಗಳಲ್ಲಿ ಒಂದು ಗಬ್ಬವಾಗಿ ಹಾಲು ನಿಲ್ಲಿಸಿತ್ತು. ಹೋದ ವರ್ಷ ಊರಿಗೇ ಹೆಚ್ಚು ಹಾಲು ಹಾಕಿದವಳೆಂದು ಸಭೆಯಲ್ಲಿ ಸ್ಟೀಲ್ ಕೊಡ ಬಹುಮಾನ ಪಡೆದ ಹೆಂಗಸು, ಅಳತೆ ಇಳಿಯುವುದನ್ನು ಸಹಿಸದೆ ನೀರು ಬೆರೆಸತೊಡಗಿದ್ದಳು. ಸುನಂದಳಿಗೆ ಮೊದಲ ದಿನವೇ ಗೊತ್ತಾಯಿತು, ಹೇಳಲು ನಾಲಿಗೆ ಏಳಲಿಲ್ಲ. ತನ್ನ ಎರಡು ಬಾಣಂತನದಲ್ಲೂ ಎಣ್ಣೆ ಹಚ್ಚಿ ಎರೆದ ಕೈ ಅದು. ಹಾಗಾಗಿ ಒಂದು ತಿಂಗಳಿಂದ ಶಾಮಲಮ್ಮನ ಸ್ಯಾಂಪಲ್ ಬಾಟಲಿಗೆ ಸುನಂದ ತನ್ನ ಹಸುವಿನ ಹಾಲನ್ನೇ ಹಾಕುತ್ತಿದ್ದಳು. ಅಷ್ಟನ್ನೂ ಅಕ್ಕನ ಮುಂದೆ ತೋಡಿಕೊಳ್ಳಲು ಹೋಗಿ ಊರ ಮುಂದೆ ತೋಡಿಕೊಂಡಿದ್ದಳು, ಪೂರಾ ಮೂರು ನಿಮಿಷ.

ಶಾಮಲಮ್ಮನದು ಬಟನ್ ಫೋನು. ಅವಳ ಪರವಾಗಿ ಗ್ರೂಪಿನಲ್ಲಿದ್ದವನು ಮಗ ವೆಂಕಟ. ಅವನು ನರಸಾಪುರದ ಕಂಪನಿಯೊಂದರಲ್ಲಿ ಮೊದಲ ಶಿಫ್ಟಿನವನು. ಅಲ್ಲಿ ಫೋನನ್ನು ಲಾಕರಿನಲ್ಲಿಟ್ಟೇ ಒಳಗೆ ಹೋಗಬೇಕು. ಎರಡು ಗಂಟೆಗೆ ಶಿಫ್ಟ್ ಬಿಟ್ಟರೆ, ಬಸ್ಸಿನಲ್ಲಿ ಕೂತು ಅವನು ಮಾಡುವ ಮೊದಲ ಕೆಲಸವೇ ಫೋನ್ ತೆರೆಯುವುದು. ಹೆತ್ತ ತಾಯಿಯ ಮಾನ ಹೋದದ್ದನ್ನು ಅವನು ಹಾಗೆ ಬಸ್ಸಿನಲ್ಲಿ ಕೂತು ಕೇಳಬೇಕೇ ಎಂದುಕೊಂಡು ಸುನಂದ ಗಡಿಯಾರ ನೋಡಿದಳು.

ಗ್ರೂಪಿಗೆ ಸುನಂದಳಲ್ಲದೆ ಇನ್ನೊಬ್ಬ ಅಡ್ಮಿನ್ ಇದ್ದರು, ಡೇರಿಯ ಅಧ್ಯಕ್ಷ ಮುನಿರಾಮಪ್ಪ. ಅವರು ಎಲ್ಲರಿಗೂ ಅಳಿಸಬಹುದಿತ್ತು. ಆದರೆ ಅಳಿಸುವ ಮೊದಲು ಕೇಳುತ್ತಾರೆ, ಕೇಳಿದರೆ ಸುನಂದಳ ಕೆಲಸ ಹೋದಂತೆಯೇ. ಐದೈದು ನಿಮಿಷಕ್ಕೆ ಫೋನ್ ನೋಡಿದಳು. ಗ್ರೂಪಿನಲ್ಲಿ ಯಾರೂ ಕೆಮ್ಮಲಿಲ್ಲ.

ನಿಜ ಹೇಳಬೇಕೆಂದರೆ ಆ ಮೆಸೇಜನ್ನು ಯಾರೂ ಕೇಳಿರಲಿಲ್ಲ. ಹಿಂದೆ ಹಸುಗಳಿಗೆ ಸೂಜಿ ಹಾಕಲು ಡಾಕ್ಟರು ಬರುತ್ತಾರೆಂದರೆ ಡೇರಿ ಬಾಗಿಲಲ್ಲಿ ನಿಂತು ಕೂಗಬೇಕಿತ್ತು, ಆಗ ಎಲ್ಲರೂ ಕೇಳುತ್ತಿದ್ದರು. ಆಮೇಲೆ ಎಸ್ಸೆಮ್ಮೆಸ್ ಬಂತು, ಯಾರೂ ಓದಲಿಲ್ಲ. ಈಗ ವಾಟ್ಸಾಪು, ದಿನಾ ಸುನಂದಳ ಉದ್ದುದ್ದ ವಾಯ್ಸು, ಅದನ್ನು ಕೇಳುವಷ್ಟು ತಾಳ್ಮೆ ಯಾರಿಗಿದೆ? ಇವಳು ತೆಪ್ಪಗೆ ಕೂತಿದ್ದರೆ ಗುಲಾಬಿ ಹೂವಿನ ಶುಭೋದಯಗಳ ಮಧ್ಯೆ ಅದು ಮುಚ್ಚಿಹೋಗುತ್ತಿತ್ತು. ಕೂರಬೇಕಲ್ಲ!

ಹತ್ತು ಗಂಟೆಗೆ ಬುದ್ಧಿ ಓಡಿಸಿದಳು. ವೆಂಕಟನನ್ನೇ ಗ್ರೂಪಿನಿಂದ ತೆಗೆದುಬಿಟ್ಟರೆ ಅವನಿಗೆ ಮೆಸೇಜು ಕಾಣುವುದಿಲ್ಲ ಎಂದುಕೊಂಡು ತೆಗೆದೇಬಿಟ್ಟಳು. ಹೋದ ಮೆಸೇಜು ಅವನ ಫೋನಿನಲ್ಲಿ ಹಾಗೇ ಉಳಿಯುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲ. ಮೇಲಾಗಿ, ಸುನಂದ ವೆಂಕಟನನ್ನು ತೆಗೆದಳೆಂಬ ಸಾಲು ಎಂಬತ್ತಾರು ಫೋನುಗಳಲ್ಲೂ ಮೂಡಿತು.

ಎರಡೇ ನಿಮಿಷಕ್ಕೆ, ಡೇರಿಗೆ ಹಾಲು ಹಾಕುವ ತಾಜುನ್ನೀಸಾ ಫೋನ್ ಮಾಡಿ, ಶಾಮಲಮ್ಮನ ಮನೆಯವರ ಜೊತೆ ಏನು ಜಗಳ ಎಂದು ಕೇಳಿದಳು. ಏನಿಲ್ಲವೆಂದರೆ ಯಾರು ನಂಬುತ್ತಾರೆ? ಕಾರಣ ಹುಡುಕುತ್ತಾ ಜನ ಗ್ರೂಪನ್ನು ಮೇಲಕ್ಕೆ ಎಳೆದು ನೋಡಿದರು, ಮೂರು ನಿಮಿಷದ ವಾಯ್ಸು ಸಿಕ್ಕಿತು. ಹನ್ನೊಂದರ ಹೊತ್ತಿಗೆ ಎದುರು ಮನೆಯ ಕಿಟಕಿಯಿಂದ ಸುನಂದಳಿಗೆ ತನ್ನದೇ ದನಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುನಿರಾಮಪ್ಪ ಸಂಜೆ ಡೇರಿಗೆ ಬರುವುದಾಗಿ ಒಂದು ಸಾಲು ಹಾಕಿದರು.

ಶಾಮಲಮ್ಮನಿಗೆ ತಾನೇ ಹೋಗಿ ಹೇಳಿಬಿಡೋಣವೆಂದು ಮೂರು ಸಲ ಬೇಲಿಯ ತನಕ ಹೋದಳು. ಶಾಮಲಮ್ಮ ಹಸುವಿಗೆ ಹುಲ್ಲು ಹಾಕುತ್ತಾ, ಊಟ ಆಯಿತೇ ಎಂದು ವಿಚಾರಿಸಿದಳು. ಮೂರು ಸಲವೂ ಸುನಂದ ಆಯಿತೆಂದು ಸುಳ್ಳು ಹೇಳಿ ವಾಪಸು ಬಂದಳು. ಅಷ್ಟರಲ್ಲಿ ಎರಡು ಗಂಟೆ ದಾಟಿತು.

ಸಂಜೆ ಹಾಲು ಹಾಕಿದವರು ಯಾರೂ ಮನೆಗೆ ಹೋಗಲಿಲ್ಲ. ಮುನಿರಾಮಪ್ಪ ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತಿದ್ದರು. ಎಲ್ಲರಿಗಿಂತ ಕೊನೆಗೆ ಶಾಮಲಮ್ಮ ಬಂದಳು. ಕ್ಯಾನಿನಲ್ಲಿ ಅರ್ಧದಷ್ಟೂ ಹಾಲಿರಲಿಲ್ಲ.

"ಇವತ್ತು ಇಷ್ಟೇ. ಎಲ್ಲರ ಮುಂದೆ ನೋಡು," ಎಂದಳು.

ಸುನಂದ ಸ್ಯಾಂಪಲ್ ತೆಗೆದು ನೋಡಿದಳು. ಹಾಲು ಗಟ್ಟಿಯಾಗಿತ್ತು, ಒಂದು ಹನಿ ನೀರು ಬೆರೆತಿರಲಿಲ್ಲ.

"ಶಾಮಲಕ್ಕ, ನಾನು ಬೇಕೂಂತ ಕಳ್ಸಿದ್ದಲ್ಲ. ನಿಮ್ಮ ಹೆಸರು ಕೆಡಬಾರ್ದು ಅಂತ್ಲೇ..."

"ಗೊತ್ತು ಕಣೇ. ವೆಂಕಟ ಮನೆಗೆ ಬಂದು ಪೂರ್ತಿ ಕೇಳಿಸ್ದ. ನನ್ನ ಕಾಪಾಡಕ್ಕೇ ಮಾಡಿದ್ದೀಯ. ತಪ್ಪು ನಂದೇ, ಇಲ್ಲ ಅನ್ನಲ್ಲ." ಶಾಮಲಮ್ಮನ ದನಿ ಏರಲಿಲ್ಲ. "ಆದ್ರೆ ಒಂದು ತಿಂಗಳು, ದಿನಾ ಎರಡು ಹೊತ್ತು ನಿನ್ನೆದುರಿಗೇ ನಿಂತಿದ್ನಲ್ಲ. ಇವತ್ತು ಬೇಲಿ ತನಕ ಬಂದ್ಯಲ್ಲ, ಮೂರು ಸಲ. ಮೊದಲ್ನೇ ದಿನಾನೇ ಮುಖ ನೋಡಿ ಒಂದು ಮಾತು ಹೇಳಿದ್ರೆ ಆವತ್ತೇ ನಿಲ್ಲಿಸ್ತಿದ್ದೆ. ಮಾಲೂರಿನೋರಿಗೆ ಹೇಳ್ದೆ, ನನಗೆ ಹೇಳ್ಲಿಲ್ಲ."

ಸುನಂದ ಹಾಲು ಅಳೆದು ಪುಸ್ತಕದಲ್ಲಿ ಬರೆದಳು. ಬೈಯಲೆಂದೇ ಬಂದಿದ್ದ ಮುನಿರಾಮಪ್ಪ ಕುರ್ಚಿ ಸರಿಸಿ ದಾರಿ ಬಿಟ್ಟರು. ಶಾಮಲಮ್ಮ ಖಾಲಿ ಕ್ಯಾನಿನ ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದವಳು ಅಲ್ಲೇ ನಿಂತಳು.

"ವೆಂಕಟನ್ನ ಗ್ರೂಪಿಗೆ ವಾಪಸ್ ಸೇರಿಸು. ಇನ್ಮೇಲೆ ನನಗೇನಾದ್ರೂ ಹೇಳೋದಿದ್ರೆ ಅಲ್ಲೇ ಹಾಕು."